ಗಿರಿಜಾಳ ಕಾಲೇಜಿಗೆ ನಮ್ಮೂರ ಇಲಿ

ಗೆಳೆಯರೇ, ಈ ಕಥೆ ಮೊದಲು ಹೇಳಿದವಳು ಪಶುವೈದ್ಯಕೀಯ ಓದುವ ನನ್ನ ತಂಗಿ ಗಿರಿಜಾ, ನಿನ್ನೆ ಸಂಜೆ, ಹತ್ತಿಮತ್ತೂರಿನ ನಮ್ಮ ಮನೆಯ ಕಟ್ಟೆಯ ಮೇಲೆ, ಕೂಡಿದ್ದ ಓಣಿಯವರ ಮುಂದೆ. ಅಮೆರಿಕದ ವಿಜ್ಞಾನಿಗಳು ದೊಡ್ಡ ಜಾತಿಯ ಇಲಿಯ ಬೆಳವಣಿಗೆಯ ಜೀನನ್ನು ಸಣ್ಣ ಇಲಿಯ ಭ್ರೂಣಕ್ಕೆ ಸೇರಿಸಿದರಂತೆ; ಮರಿ ಎರಡು ಪಟ್ಟು ಬೆಳೆಯಿತಂತೆ.

ಕಾಕಾ ನಕ್ಕ. "ನಾವು ಜೋಳ ಉಳಸಾಕ ಇಲಿ ಹೊಡೀತೇವಿ, ನೀ ಇಲಿ ಬೆಳಸಾಕ ಓದ್ತಿ? ಅಣ್ಣಾ, ಇಕಿ ಕಾಲೇಜ ಬಿಡಸು."

ಅಪ್ಪ ತಲೆ ತಗ್ಗಿಸಿದ. ಗಿರಿಜಾ ಬಿಡಲಿಲ್ಲ. "ಕೆಲವು ಮಕ್ಕಳು ಯಾಕ ಕುಳ್ಳ ಉಳೀತಾವ ಅನ್ನೂದು ಇಂಥಾ ಇಲಿ ನೋಡೇ ತಿಳೀಬೇಕ್ರಿ, ಕಾಕಾ."

ಇಂದು ಬೆಳಿಗ್ಗೆ ಬಾಗಿಲು ತೆಗೆದರೆ ಕಟ್ಟೆಯ ತುಂಬ ಇಲಿಬೋನುಗಳು, ಒಳಗೆ ಜೀವಂತ ಇಲಿಗಳು! ನಿನ್ನೆ ಕಥೆ ಕೇಳಿದವರೆಲ್ಲ ತಂದಿಟ್ಟಿದ್ದರು. ಎಲ್ಲಕ್ಕಿಂತ ದಪ್ಪನೆಯದು ಕಾಕಾನ ಕೈಯಲ್ಲಿತ್ತು.

"ತಗೋ ಗಿರಿಜವ್ವಾ, ಇದು ಆಗಲೇ ಬೆಳದೈತಿ. ಕಾಲೇಜಿನ್ಯಾಗ ನಮ್ಮೂರಿಂದು ಅಂತ ಹೇಳು."

ಜೀವಮಾನವಿಡೀ ಇಲಿ ಹೊಡೆದ ಅಪ್ಪ ಈಗ ಎದೆಯುಬ್ಬಿಸಿ ಅದಕ್ಕೆ ಜೋಳ ಹಾಕುತ್ತಿದ್ದಾನೆ.