ಸುಮ್ಮನೆ ಕುಳಿತ ಕೈ

ಕಾಳವ್ವ ಬಲಗೈಯಿಂದ ಕುಲುಮೆಯ ಹೊಸ ಗಾಳಿಚಕ್ರ ತಿರುಗಿಸುತ್ತಿದ್ದಳು. ಅವಳ ಎಡಗೈ ಮಾತ್ರ ಕೈಯಡಿ ಇಲ್ಲದ ತಿದಿಯನ್ನು ಒತ್ತುತ್ತಲೇ ಇತ್ತು.

ಎಪ್ಪತ್ತರ ದಶಕದ ಮಾತು. ಸಾರವಾಡದ ಕಮ್ಮಾರ ಮೌನಪ್ಪನ ಕುಲುಮೆಗೆ ನೇಗಿಲಿನ ಮೊಂಡಾದ ಕುಳ ಹಣಿಸಲು ಹೋಗಿದ್ದೆ. ಅವನ ಹೆಂಡತಿ ಕಾಳವ್ವ ಮದುವೆಯಾಗಿ ಬಂದಾಗಿನಿಂದ ಎರಡೂ ಕೈಯಿಂದ ಜೋಡಿ ತಿದಿ ಒತ್ತಿ ಒತ್ತಿ, ಈಗ ತೋಳು ಮೇಲೆತ್ತಲಾರದೆ ನರಳುತ್ತಿದ್ದಳು. ಆದರೂ ವಿಜಾಪುರದಿಂದ ತಂದ ಚಕ್ರದ ಮೇಲೆ ಮೌನಪ್ಪನಿಗೆ ನಂಬಿಕೆಯಿರಲಿಲ್ಲ. ಕುಳ ಸರಿಯಾಗಿ ಕಾಯದಿದ್ದರೆ ಮತ್ತೆ ಚರ್ಮದ ತಿದಿಯೇ ಗತಿ ಎಂದಿದ್ದ.

ಎಂದಿನ ಅರ್ಧದಷ್ಟು ಜಾಲಿ ಇದ್ದಿಲಿನಲ್ಲೇ ಕುಳ ಕೆಂಪಾಯಿತು. ಮೌನಪ್ಪ ಬಡಿದ, ತಿರುವಿ ನೋಡಿದ, ಹಳೆಯ ತಿದಿಯನ್ನು ಎತ್ತಿ ಅಟ್ಟಕ್ಕೆ ಹಾಕಿದ. ಆಮೇಲೆ ಹೆಂಡತಿಯ ಕಡೆ ನೋಡಿ ನಕ್ಕ.

"ಲೇ, ಆ ಕೈ ಇನ್ನೂ ಏನ್ ಒತ್ತಾಕತ್ತೈತಿ?"

ಕಾಳವ್ವ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. "ಅದಕ್ಕಿನ್ನೂ ಗೊತ್ತಾಗಿಲ್ರಿ. ಕುಂದರ್ಲಿ ಬಿಡ್ರಿ, ಭಾಳ ದುಡದೈತಿ."

ಅದು ಎಡಗೈಯೇ ಆಗಿತ್ತೇ? ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಮಸಿ ಹತ್ತಿದ ಆ ಕೈ ಅವಳ ಮಡಿಲಲ್ಲಿ, ಮೊದಲ ಸಲ ಮನೆಗೆ ಬಂದ ನೆಂಟರಂತೆ ಸಂಕೋಚದಿಂದ ಕುಳಿತಿದ್ದನ್ನು ಮಾತ್ರ ನಂಬುತ್ತೇನೆ.