ಪುಟದ ತುದಿಯಲ್ಲಿ ತುಂಡಾದ ವಾಕ್ಯ

"ಕೂಸು ಸೀಮೆಣ್ಣೆ ಕುಡ್ಬುಡ್ತು ಕಣಮ್ಮ!" ಎಂದು ಅತ್ತೆ ಕೂಗಿದರು. ಪೇಂಟ್ ಬ್ರಷ್ ತೊಳೆಯಲೆಂದು ಲೋಟದಲ್ಲಿಟ್ಟಿದ್ದ ಸೀಮೆಎಣ್ಣೆಯನ್ನು ನನ್ನ ಎರಡು ವರ್ಷದ ಮಗಳು ಒಂದು ಗುಟುಕು ನುಂಗಿದ್ದಳು. ತಕ್ಷಣ ಇ-ರೀಡರ್‌ನಲ್ಲಿದ್ದ ಪ್ರಥಮ ಚಿಕಿತ್ಸೆಯ ಪುಸ್ತಕ ತೆರೆದೆ. ಕನ್ನಡಕವಿಲ್ಲದೆ ಓದಲು ಅಕ್ಷರವನ್ನು ತೀರಾ ದೊಡ್ಡದು ಮಾಡಿಟ್ಟಿದ್ದೆ. ಪರದೆಗೆ ಐದಾರು ಸಾಲಷ್ಟೇ ಹಿಡಿಯುತ್ತಿತ್ತು. "ಸೀಮೆಎಣ್ಣೆ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕು" ಎಂಬಲ್ಲಿಗೆ ಪುಟ ಮುಗಿದಿತ್ತು. ಗಟ್ಟಿಯಾಗಿ ಓದಿ ಹೇಳಿದೆ. ಅತ್ತೆ ಆಗಲೇ ಉಪ್ಪು ಕದಡಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರು. ಎಷ್ಟು ಕುಡಿಸಬೇಕೆಂದು ನೋಡಲು ಪುಟ ತಿರುಗಿಸಿದೆ. ಪರದೆ ಒಮ್ಮೆ ಕಪ್ಪಾಗಿ, ಉಳಿದ ವಾಕ್ಯ ಮೂಡಿತು: "ಎಂಬುದು ತಪ್ಪು ತಿಳಿವಳಿಕೆ. ವಾಂತಿಯಾದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ."

"ಬ್ಯಾಡ, ಬುಡಿ ಅತ್ತೆ!" ಎಂದು ಕಿರುಚಿ, ಮಗಳ ತುಟಿಗೆ ತಾಗಿದ್ದ ಲೋಟವನ್ನು ತಳ್ಳಿಬಿಟ್ಟೆ.

ಪೂರಿಗಾಲಿಯಿಂದ ಮಳವಳ್ಳಿಯ ಆಸ್ಪತ್ರೆಗೆ ಆಟೊದಲ್ಲಿ ಓಡಿದೆವು. ಎದೆ ಪರೀಕ್ಷಿಸಿದ ಡಾಕ್ಟರು ಮೊದಲು ಕೇಳಿದ್ದೇ, "ವಾಂತಿ ಮಾಡಿಸಿಲ್ಲ ತಾನೇ?" ಇಲ್ಲವೆಂದು ತಲೆಯಾಡಿಸುವಾಗ ನನ್ನ ಕಣ್ಣು ತುಂಬಿತು. ಮಾರನೆಯ ದಿನ ಮಗಳು ನಗುತ್ತ ಮನೆಗೆ ಬಂದಳು.

ಕನ್ನಡದಲ್ಲಿ ಬೇಕು, ಬೇಡಗಳೆಲ್ಲ ವಾಕ್ಯದ ಕೊನೆಗೇ ಬರುತ್ತವೆ. ಈಗ ಪೂರ್ಣವಿರಾಮ ಕಾಣುವವರೆಗೆ ನಾನು ಯಾರಿಗೂ ಏನನ್ನೂ ಓದಿ ಹೇಳುವುದಿಲ್ಲ.