ಪ್ರಮೀಳಾ ಹೇಳಿದ ಸಾಕ್ಷಿ

ಅಂದು ಕರ್ಚಿಕಾಯಿ ಮಾಡುವ ಪಾಳಿ ನಮ್ಮ ಮನೆಯದಾಗಿತ್ತು. ಕ್ರಿಸ್ಮಸ್ಸಿಗೆ ಮುಂಚಿನ ದಿನಗಳಲ್ಲಿ ನಮ್ಮ ಚರ್ಚಿನ ಕನ್ನಡ ಸಭೆಯ ಮಹಿಳಾ ಸಂಘದವರು ದಿನಕ್ಕೊಂದು ಮನೆಯಲ್ಲಿ ಸೇರಿ, ಆ ಮನೆಗೆ ಬೇಕಾದಷ್ಟು ಕರಿದಿಟ್ಟು, ಮರುದಿನ ಇನ್ನೊಂದು ಮನೆಗೆ ಹೋಗುತ್ತಿದ್ದರು. ಪುಣೆಯ ಬಿಬವೇವಾಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅವರೆಲ್ಲ ಹಿಡಿಸುತ್ತಿರಲಿಲ್ಲ. ಕೆಲವರು ಅಡುಗೆಮನೆಯಲ್ಲಿದ್ದರು. ಉಳಿದವರು ಮಂಚವನ್ನು ಗೋಡೆಗೆ ಸರಿಸಿ ನೆಲದ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಕೂತಿದ್ದರು. ಒಬ್ಬರು ಲಟ್ಟಿಸುವುದು, ಒಬ್ಬರು ಕೊಬ್ಬರಿ ಎಳ್ಳಿನ ಹೂರಣ ತುಂಬುವುದು, ಇನ್ನೊಬ್ಬರು ಅಂಚು ಒತ್ತುವುದು. ನಡುನಡುವೆ ಹಾಡು.

ನಾನು ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದಾಗ ಕಾಲಿಡಲು ಜಾಗವಿರಲಿಲ್ಲ. ಸಂಘದಲ್ಲಿ ಎಲ್ಲರಿಗಿಂತ ಚಿಕ್ಕವಳಾದ ರೂತ್ ನಕ್ಕಳು. "ಅಂಕಲ್, ಇವತ್ತ ಇದು ನಮ್ಮ ಮನಿ. ನೀವು ಸಂಜೀ ಮುಂದ ಬರ್ರಿ." ನನ್ನ ಹೆಂಡತಿ ಪ್ರಮೀಳಾ ಒಂದು ತಟ್ಟೆಯಲ್ಲಿ ನಾಲ್ಕು ಬಿಸಿ ಕರ್ಚಿಕಾಯಿ ಹಾಕಿಕೊಟ್ಟಳು. ಮೆಟ್ಟಿಲ ಮೇಲೆ ಕೂತು ತಿಂದೆ. ಒಳಗಿನಿಂದ ಅವಳ ನಗು ಕೇಳುತ್ತಿತ್ತು.

ನಮಗೆ ಮಕ್ಕಳಾಗಲಿಲ್ಲ. ಗದಗಿನಲ್ಲಿ ಅವಳ ತಾಯಿ ತೀರಿಕೊಂಡ ಮೇಲೆ ಆ ಕಡೆ ಹೋಗುವುದೂ ನಿಂತಿತ್ತು. ಪುಣೆಯಲ್ಲಿ ಅವಳಿಗೆ ತವರು ಅಂತ ಇದ್ದದ್ದು ಆ ಸಂಘ.

ಮರುದಿನ ಸ್ನಾನ ಮಾಡಿ ಬಂದವಳು ಎಡಗಡೆ ಎದೆಯಲ್ಲಿ ಒಂದು ಗಂಟು ಕೈಗೆ ಸಿಗುತ್ತಿದೆ ಎಂದಳು. ಇಡೀ ದಿನ ಲಟ್ಟಿಸಿದ್ದಕ್ಕೆ ಬಾವು ಬಂದಿರಬೇಕು ಎಂದೂ ಅವಳೇ ಹೇಳಿದಳು.

ಅದು ಬಾವಲ್ಲ.

ಹೊಸ ವರ್ಷದಲ್ಲಿ ಬಯಾಪ್ಸಿ, ಆಮೇಲೆ ಆಪರೇಷನ್, ಆಮೇಲೆ ಕೀಮೋ. ಎಡಗಡೆಯದನ್ನು ಪೂರ್ತಿ ತೆಗೆದರು. ಕೂದಲು ಹೋಯಿತು. ಬಾಯೆಲ್ಲ ಹುಣ್ಣಾಗಿ ಗಂಜಿ ಕುಡಿಯಲೂ ಅಳುತ್ತಿದ್ದಳು. ಸಂಘದ ಅಧ್ಯಕ್ಷೆ ಎಸ್ತೇರಮ್ಮನವರು ಗುರುವಾರದ ಕೂಟವನ್ನು ನಮ್ಮ ಮನೆಗೇ ತಂದರು. ಅವರು ನಿವೃತ್ತ ಶಿಕ್ಷಕಿ, ವಿಧವೆ. ಮಾತು ಖಡಕ್, ಕೈ ಧಾರಾಳ. ಅವರು ಪ್ರಾರ್ಥನೆ ಮಾಡಿಸುತ್ತಿದ್ದರು, ಉಳಿದವರು ಅಡುಗೆ ಮಾಡಿಟ್ಟು ಹೋಗುತ್ತಿದ್ದರು. ಆಗ ನಾನು ಆಸ್ಪತ್ರೆಗಿಂತ ಆ ಹೆಂಗಸರನ್ನೇ ಹೆಚ್ಚು ನಂಬಿದ್ದೆ. ಅದನ್ನು ಈಗಲೂ ತಪ್ಪು ಎನ್ನಲಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು, ಸದ್ಯ ಎಲ್ಲೂ ಏನೂ ಕಾಣುತ್ತಿಲ್ಲ, ಮೂರು ತಿಂಗಳಿಗೊಮ್ಮೆ ಬಂದು ಚೆಕಪ್ ಮಾಡಿಸಿಕೊಳ್ಳಿ ಎಂದರು. ಸುದ್ದಿ ಸಂಘಕ್ಕೆ ಮುಟ್ಟಿತು. ಸ್ತ್ರೀಯರ ರವಿವಾರ ಹತ್ತಿರ ಬಂದಿತ್ತು. ವರ್ಷಕ್ಕೊಮ್ಮೆ ಆರಾಧನೆಯನ್ನು ಹೆಂಗಸರೇ ನಡೆಸುವ ದಿನ ಅದು: ವಾಕ್ಯ ಓದುವವರು, ಹಾಡುವವರು, ಕಾಣಿಕೆ ಎತ್ತುವವರು ಎಲ್ಲ ಅವರೇ. ದೇವರು ಮಾಡಿದ ಉಪಕಾರವನ್ನು ಒಬ್ಬರು ಎದ್ದು ನಿಂತು ಹೇಳಬೇಕು. ಅದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ಈ ಸಲ ಪ್ರಮೀಳಾ ಸಾಕ್ಷಿ ಹೇಳಬೇಕೆಂದು ಎಸ್ತೇರಮ್ಮ ನಿರ್ಧರಿಸಿದರು.

ಆ ದಿನ ಪ್ರಮೀಳಾ ಹಸಿರು ಅಂಚಿನ ಸೀರೆ ಉಟ್ಟು, ಆಗತಾನೆ ಚಿಗುರಿದ ಕೂದಲ ಮೇಲೆ ಸೆರಗು ಹೊದ್ದು ಎದ್ದು ನಿಂತಳು. ಮನೆಯಲ್ಲಿ ಕೂಡ ಜೋರಾಗಿ ಮಾತಾಡದವಳು. ಕರ್ತನು ನನ್ನನ್ನು ಸಂಪೂರ್ಣವಾಗಿ ಸ್ವಸ್ಥ ಮಾಡಿದ್ದಾನೆ, ಇನ್ನು ನನ್ನಲ್ಲಿ ಆ ರೋಗವಿಲ್ಲ ಎಂದಳು. ಹೆಂಗಸರು ಅಳುತ್ತ ದೇವರಿಗೆ ಸ್ತೋತ್ರ ಎಂದರು. ನಾನೂ ಹಿಂದಿನ ಬೆಂಚಿನಲ್ಲಿ ಅತ್ತೆ. ಆರಾಧನೆಯ ನಂತರ ಅಂಗಳದಲ್ಲಿ ಪಲಾವು, ಗೋಧಿ ಹುಗ್ಗಿ. ರೂತ್ ಪ್ರಮೀಳಾಳನ್ನು ನಡುವೆ ಕೂರಿಸಿ, "ಇವತ್ತ ಮದಲಗಿತ್ತಿ ಇಕಿನೇ, ಇಕಿಗೆ ಮೊದಲ ಬಡಸ್ರಿ" ಎಂದು ಗಲಾಟೆ ಮಾಡಿದಳು. ಅಷ್ಟು ಜನರ ನಡುವೆ ಹೆಂಡತಿಯ ಮುಖ ನೋಡಿ ನನಗೆ ಹೆಮ್ಮೆಯಾಯಿತು.

ಆ ಮೇಲೆ ಅವಳನ್ನು ಬೇರೆ ಬೇರೆ ಮನೆಗೆ ಕರೆಯತೊಡಗಿದರು. ಯಾರಿಗಾದರೂ ಕಾಯಿಲೆಯಾದರೆ ಸಂಘದವರು ಅವಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅವಳು ಅಲ್ಲಿಯೂ ಅದನ್ನೇ ಹೇಳಬೇಕಿತ್ತು. ಮೊದಮೊದಲು ಖುಷಿಯಿಂದ ಹೋಗುತ್ತಿದ್ದವಳು ಬರುಬರುತ್ತ, ಮನೆಗೆ ಬಂದ ಕೂಡಲೇ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ದಣಿವು ಎಂದುಕೊಂಡೆ. ಚೆಕಪ್ಪಿಗೆ ನಾನು ಡ್ಯೂಟಿಗೆ ಹೋದಾಗ ಹೋಗಿ ಬಂದೆ ಎನ್ನುತ್ತಿದ್ದಳು. ಡಾಕ್ಟರು ಏನಂದರು ಎಂದರೆ, "ಏನಂತಾರ, ಆರಾಮ ಇದ್ದೀರಿ ಅಂದ್ರು." ಬಟ್ಟೆ ಬದಲಿಸುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಪರೇಷನ್ ಆದ ಹೆಂಗಸಿನ ಸಂಕೋಚ ಅದು, ನಾನು ಕೇಳಬಾರದು ಎಂದು ಸುಮ್ಮನಿದ್ದೆ. ಮನೆಯಲ್ಲಿ ಟಾಲ್ಕಮ್ ಪೌಡರಿನ ವಾಸನೆ ಹೆಚ್ಚಾಯಿತು.

ಶುಭ ಶುಕ್ರವಾರ ನಮ್ಮಲ್ಲಿ ಹೆಂಗಸರೆಲ್ಲ ಬಿಳಿ ಸೀರೆ ಉಡುತ್ತಾರೆ. ಕ್ರಿಸ್ತ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಧ್ಯಾನಿಸುವ ದೀರ್ಘ ಆರಾಧನೆ, ಮಧ್ಯಾಹ್ನವಿಡೀ ನಡೆಯುತ್ತದೆ. ಬಿಸಿಲು ಕಾದಿತ್ತು. ಫ್ಯಾನು ನಮ್ಮ ಗಂಡಸರ ಕಡೆ ಮಾತ್ರ ಸರಿಯಾಗಿ ತಿರುಗುತ್ತಿತ್ತು. ಅವಳು ಹೆಂಗಸರ ಕಡೆ, ನನಗಿಂತ ನಾಲ್ಕಾರು ಸಾಲು ಮುಂದೆ ಕೂತಿದ್ದಳು.

ಅವಳ ತೋಳಿನ ಕೆಳಗೆ ಬಿಳಿ ಕುಪ್ಪಸದಲ್ಲಿ ಕಲೆ ಕಂಡಿತು.

ಬೆವರು ಎಂದುಕೊಂಡೆ. ಅದು ಅಗಲವಾಗುತ್ತ ಬಂತು. ಅಂಚಿನಲ್ಲಿ ಹಳದಿ, ನಡುವೆ ಕೆಂಪು. ಅವಳ ಹಿಂದಿನ ಸಾಲಿನಲ್ಲಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬಾಕೆ ಮೂಗಿಗೆ ಕರವಸ್ತ್ರ ಹಿಡಿದಳು. ನಾನು ಎದ್ದು ಹೋಗಬೇಕಿತ್ತು, ಹೆಂಗಸರ ಕಡೆಗೆ ಹೇಗೆ ಹೋಗಲಿ ಎಂದು ಕಾಲು ಏಳಲಿಲ್ಲ. ಆಗ ಎಸ್ತೇರಮ್ಮ ಎದ್ದು, ಸಾಲು ದಾಟಿ, ಪ್ರಮೀಳಾಳ ಎಡಕ್ಕೆ ಅಂಟಿ ಕೂತರು. ತಮ್ಮ ಸೆರಗಿನ ಅರ್ಧವನ್ನು ಅವಳ ತೋಳಿನ ಮೇಲೆ ಹೊದಿಸಿದರು. ಇಬ್ಬರೂ ಮುಂದೆ ನೋಡುತ್ತ ಕೂತರು. ಉಳಿದ ಮಾತುಗಳೆಲ್ಲ ಮುಗಿಯುವವರೆಗೂ ಹಾಗೆಯೇ ಕೂತಿದ್ದರು. ಆ ದಿನ ಆರಾಧನೆ ಮುಗಿದ ಮೇಲೆ ಯಾರೂ ಯಾರಿಗೂ ವಂದನೆ ಹೇಳದೆ ಮೌನವಾಗಿ ಹೋಗುವುದು ಪದ್ಧತಿ. ಆ ಪದ್ಧತಿ ನಮ್ಮ ಮರ್ಯಾದೆ ಉಳಿಸಿತು ಎಂದು ರಿಕ್ಷಾದಲ್ಲಿ ಕೂತು ಯೋಚಿಸಿದೆ. ಹೆಂಡತಿಯ ಮೈಯಿಂದ ರಕ್ತ ಹೋಗುತ್ತಿರುವಾಗ ನಾನು ಮರ್ಯಾದೆಯ ಲೆಕ್ಕ ಹಾಕುತ್ತಿದ್ದೆ.

ಮನೆಗೆ ಬಂದು ಅವಳು ಸೀರೆ ಬಿಚ್ಚಿ ತೋರಿಸಿದಳು. ಆಪರೇಷನ್ ಗಾಯದ ಗುರುತಿನ ಮೇಲೆಯೇ ಗಂಟುಗಳು ಎದ್ದು ಒಡೆದಿದ್ದವು. ಹಳೆಯ ಧೋತರ ಹರಿದು ಮಡಿಚಿ ಕಟ್ಟಿಕೊಂಡಿದ್ದಳು. ಎಷ್ಟು ದಿನದಿಂದ ಎಂದು ಕೇಳಿದೆ. ಕ್ರಿಸ್ಮಸ್ಸಿನಿಂದ ಎಂದಳು. ಚೆಕಪ್ಪಿಗೆ ಒಮ್ಮೆಯೂ ಹೋಗಿರಲಿಲ್ಲ.

"ನನಗ್ಯಾಕ ಹೇಳಲಿಲ್ಲ?" ಎಂದೆ.

"ಅಷ್ಟು ಮಂದಿ ಮುಂದ ನಿಂತು ಹೇಳೀನಿ. ಈಗ ಇಲ್ಲ ಅನ್ನಲೇನು?" ಅವಳು ಅಳುತ್ತಿರಲಿಲ್ಲ. "ನನ್ನ ಮಾನ ಹೋದ್ರ ಹೋಗಲಿರಿ. ದೇವರ ಮಾನ ಹೋಗ್ತದ."

ಆಸ್ಪತ್ರೆಯಲ್ಲಿ ಡಾಕ್ಟರು ಇಷ್ಟು ದಿನ ಎಲ್ಲಿದ್ದಿರಿ ಎಂದು ಮರಾಠಿಯಲ್ಲಿ ಕೇಳಿದರು. ಅವಳು ನೆಲ ನೋಡಿದಳು. ಸ್ಕ್ಯಾನ್ ಆಯಿತು. ರೋಗ ಲಿವರಿಗೂ ಬೆನ್ನುಮೂಳೆಗೂ ಹೋಗಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, ನೋವು ಕಡಿಮೆ ಮಾಡುವುದಷ್ಟೇ ಇನ್ನು ನಮ್ಮ ಕೈಯಲ್ಲಿದೆ ಎಂದರು. ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ.

ಮುಂದಿನ ಎರಡು ಗುರುವಾರ ನಮ್ಮ ಮನೆಗೆ ಯಾರೂ ಬರಲಿಲ್ಲ. ಆಕೆಗೆ ಸಂಶಯ ಬಂದಿರಬೇಕು, ವಿಶ್ವಾಸ ಸಡಿಲಾದ ಕಡೆ ರೋಗ ತಿರುಗಿ ಬರುತ್ತದೆ ಎಂದು ಯಾರೋ ಆಡಿದ ಮಾತು ಮಾತ್ರ ಮನೆಯವರೆಗೂ ಬಂತು. ಪ್ರಮೀಳಾ ಅದನ್ನು ಕೇಳಿ, "ಖರೇ ಇರಬಹುದು" ಎಂದಳು. ನನಗೆ ಸಿಟ್ಟು ಬಂತು. ಜೊತೆಗೆ ನಾಚಿಕೆಯೂ, ಏಕೆಂದರೆ ನಾನು ಕೂಡ ಒಳಗೊಳಗೆ ಅದೇ ಲೆಕ್ಕ ಮಾಡುತ್ತಿದ್ದೆ.

ಮೂರನೆಯ ಗುರುವಾರ ಎಸ್ತೇರಮ್ಮ ಬಂದರು. ಹಿಂದೆ ರೂತ್. ಯಾವಾಗಲೂ ಚಪ್ಪಲಿ ಬಿಟ್ಟವರೇ ನೇರ ಅಡುಗೆಮನೆಗೆ ಹೋಗುತ್ತಿದ್ದ ಹೆಂಗಸು ಹೊಸ್ತಿಲ ಹೊರಗೇ ನಿಂತರು.

"ಪ್ರಮೀಳಾ, ಒಳಗ ಬರಲೇನು?"

"ಬರ್ರಿ ಅಕ್ಕಾರ."

ರೂತ್ ಮೆಲ್ಲಗೆ, "ಅಧ್ಯಕ್ಷರು ಕೇಳಿ ಒಳಗ ಬಂದದ್ದು ಇದ ಮೊದಲನೇ ಸಲ ನೋಡ್ರಿ" ಎಂದಳು. ಪ್ರಮೀಳಾ ಒಬ್ಬಳೇ ನಕ್ಕಳು.

ಎಸ್ತೇರಮ್ಮ ಮಂಚದ ಅಂಚಿನಲ್ಲಿ ಕೂತರು. "ಸಾಕ್ಷಿ ಹೇಳು ಅಂದಾಕಿ ನಾ. ನೀ ಸ್ವಲ್ಪ ತಡೀರಿ ಅಂದಿದ್ದಿ. ನಾ ಕೇಳಲಿಲ್ಲ. ಅವತ್ತ ಚರ್ಚಿನ್ಯಾಗ ನಿನ್ನ ಬಾಜೂಕ ಕೂತಾಗಿಂದ ಮಾರಿ ತೋರಸಲಿಕ್ಕೆ ಆಗವಲ್ದಾಗೇದ ನನಗ."

ತಡೆಯಿರಿ ಎಂದಿದ್ದಳು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಪ್ರಮೀಳಾ ಅವರ ಕೈ ಹಿಡಿದುಕೊಂಡಳು. "ಹೇಳುವಾಗ ನನಗೂ ಭಾಳ ಛಲೋ ಅನಿಸಿತ್ರಿ ಅಕ್ಕಾರ. ಎಲ್ಲಾರೂ ನನ್ನ ನೋಡ್ತಿದ್ರು."

ಅಂದಿನಿಂದ ಹೆಂಗಸರು ಮತ್ತೆ ಬರತೊಡಗಿದರು. ಎಲ್ಲರೂ ಅಲ್ಲ. ಬಂದವರು ಆಸ್ಪತ್ರೆಯ ನರ್ಸ್ ಹತ್ತಿರ ಡ್ರೆಸಿಂಗ್ ಮಾಡುವುದನ್ನು ಕಲಿತು ಪಾಳಿ ಹಚ್ಚಿಕೊಂಡರು. ಡ್ರೆಸಿಂಗ್ ಹೊತ್ತಿಗೆ ನಾನು ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಮೇಲಿನ ಮನೆಯವರು ಹತ್ತಿ ಇಳಿಯುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದರು, ನಾನು ಕಾಣದವನಂತೆ ಗೋಡೆ ನೋಡುತ್ತಿದ್ದೆ. ಒಂದು ದಿನ ರೂತ್ ಬಾಗಿಲು ತೆರೆದು, "ಅಂಕಲ್, ಕೈ ತೊಳಕೊಂಡು ಬರ್ರಿ. ನಾವು ಇಲ್ಲದಾಗ ಯಾರ ಮಾಡ್ತಾರ?" ಎಂದಳು. ಅದು ಬೈಗುಳವಲ್ಲ. ಆದರೂ ಕಿವಿ ಬಿಸಿಯಾಯಿತು.

"ನೋಡಬ್ಯಾಡ್ರಿ," ಎಂದು ಪ್ರಮೀಳಾ ಕಣ್ಣು ಮುಚ್ಚಿಕೊಂಡಳು. ನಾನು ನೋಡಿದೆ. ಉಪ್ಪುನೀರಿನಿಂದ ಒರೆಸುವುದು, ಅಂಟಿದ ಬಟ್ಟೆಯನ್ನು ಎಳೆಯದೆ ನೆನೆಸಿ ಬಿಡಿಸುವುದು, ಹೊಸ ಗಾಜ್ ಇಡುವುದು. ಮದುವೆಯಾದ ಮೇಲೆ ಅವಳ ಮೈಯನ್ನು ಹಗಲು ಬೆಳಕಿನಲ್ಲಿ ಅಷ್ಟು ಹೊತ್ತು ನಾನು ನೋಡಿದ್ದು ಅದೇ ಮೊದಲು. ಕೆಲವು ದಿನಗಳ ಮೇಲೆ ಅವಳು ಕಣ್ಣು ಮುಚ್ಚುವುದನ್ನು ಬಿಟ್ಟಳು.

ಮಳೆ ಹಿಡಿದ ಮೇಲೆ ಅವಳು ಎದ್ದು ಕೂರುವುದೇ ಕಷ್ಟವಾಯಿತು. ಆದರೆ ಒಂದು ಗುರುವಾರ ಎಸ್ತೇರಮ್ಮನವರನ್ನು, ಈ ವರ್ಷದ ಸ್ತ್ರೀಯರ ರವಿವಾರ ನನಗೆ ಮಾತಾಡಲು ಸ್ವಲ್ಪ ಹೊತ್ತು ಕೊಡಬೇಕು ಎಂದು ಕೇಳಿದಳು. ಎಸ್ತೇರಮ್ಮ, ನೀ ಯಾರಿಗೂ ಏನೂ ಹೇಳಬೇಕಾಗಿಲ್ಲ, ಹೇಳುವುದಾದರೆ ನಾನೇ ಹೇಳುತ್ತೇನೆ ಎಂದರು.

"ನಾ ಎದ್ದು ನಿಂತು ಹೇಳಿದ್ದು. ನಾನ ಎದ್ದು ನಿಂತು ಹೇಳಬೇಕು," ಎಂದಳು.

ಅವಳನ್ನು ಕುರ್ಚಿಯಲ್ಲಿ ಎತ್ತಿಕೊಂಡು ಹೋಗುವುದೆಂದು ಹೆಂಗಸರು ಮಾತಾಡಿಕೊಂಡರು. ಮಾತ್ರೆಯ ಮಂಪರು ಇಳಿದಾಗ ಅವಳ ತುಟಿ ಅಲುಗುತ್ತಿತ್ತು. ಆ ದಿನ ಏನು ಹೇಳುತ್ತಿ ಎಂದು ಕೇಳಿದೆ. ರೋಗ ತಿರುಗಿ ಬಂತು ಎಂದೋ, ನಾನು ಮುಚ್ಚಿಟ್ಟೆ ಎಂದೋ, ಆದರೂ ದೇವರು ಒಳ್ಳೆಯವನು ಎಂದೋ? ನನಗೆ ತಿಳಿಯಬೇಕಿತ್ತು. ಸಭೆಗಾಗಿ ಅಲ್ಲ, ನನಗಾಗಿಯೇ.

"ಅವತ್ತ ಕೇಳ್ರಿ," ಎಂದಳು. "ಈಗ ಹೇಳಿದ್ರ ಅಲ್ಲಿ ಧೈರ್ಯ ಸಾಲೂದಿಲ್ಲ."

ಆ ರವಿವಾರ ಬರುವ ಮೊದಲೇ ಅವಳು ತೀರಿಕೊಂಡಳು. ಬೆಳಗಿನ ಡ್ರೆಸಿಂಗ್ ಮುಗಿದಿತ್ತು. ರೂತ್ ಚಹಾ ಇಟ್ಟಿದ್ದಳು. ಎಸ್ತೇರಮ್ಮ ಬೈಬಲ್ಲಿನ ಕೀರ್ತನೆ ಓದುತ್ತಿದ್ದರು, ನಾನು ಅವಳ ಕಾಲು ಒತ್ತುತ್ತಿದ್ದೆ. ನೋವಿನ ಸದ್ದಿರಲಿಲ್ಲ. ಹಾಗೆ ಹೋಗುವುದು ಎಲ್ಲರಿಗೂ ಸಿಗುವುದಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಅಷ್ಟರ ಮಟ್ಟಿಗೆ ದೇವರಿಗೆ ವಂದನೆ ಹೇಳುತ್ತೇನೆ. ಆ ಹೆಂಗಸರ ಕೈಗಳಿಗೂ.

ಸ್ತ್ರೀಯರ ರವಿವಾರ ಎಂದಿನಂತೆ ನಡೆಯಿತು. ಸಾಕ್ಷಿಯ ಹೊತ್ತಿಗೆ ಎಸ್ತೇರಮ್ಮ ಎದ್ದು, ಕಳೆದ ವರ್ಷ ಆತುರಪಟ್ಟು ಪ್ರಮೀಳಾಳನ್ನು ಇಲ್ಲಿ ನಿಲ್ಲಿಸಿದವಳು ನಾನು, ಅವಳು ಸುಳ್ಳು ಹೇಳಲಿಲ್ಲ ಎಂದರು. ಆಮೇಲೆ ನನ್ನ ಕಡೆ ನೋಡಿದರು. ಗಂಡಸರು ಆ ದಿನ ಮಾತಾಡುವುದಿಲ್ಲ. ನಾನು ಎದ್ದೆ. ಅವಳಿಗೆ ರೋಗ ತಿರುಗಿ ಬಂದಿತ್ತು, ನಮ್ಮೆಲ್ಲರ ಮುಂದೆ ಅದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು, ನಿಮ್ಮಲ್ಲಿ ಯಾರಿಗಾದರೂ ಹಾಗಿದ್ದರೆ ಇವತ್ತೇ ದವಾಖಾನೆಗೆ ಹೋಗಿ ಎಂದೆ. ಕೂತೆ. ಈ ಸಲ ಯಾರೂ ಸ್ತೋತ್ರ ಎನ್ನಲಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬ ಹೆಂಗಸು ನನ್ನ ಹತ್ತಿರ ಬಂದು, ಹಾಗೆಯೇ ತಿರುಗಿ, ರೂತಳ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದಳು. ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರೆಂದು ಕೇಳಿದೆ.

ಅಲ್ಲಿ ನಾನು ಹೇಳಿದ್ದು ನನ್ನ ಮಾತು. ಎಸ್ತೇರಮ್ಮ ಹೇಳಿದ್ದು ಅವರ ಮಾತು. ಪ್ರಮೀಳಾ ಏನು ಹೇಳಬೇಕೆಂದಿದ್ದಳೋ ಅದು ನನಗೆ ಗೊತ್ತಿಲ್ಲ.